ಪಾಚಿ ಮುಚ್ಚಿಕೊಳ್ಳುವುದು ಕಾಣಬೇಕು

ಪುಣೆಯಲ್ಲಿ ನೆಲೆಸಿದ ಸಾಗರ ಸೀಮೆಯ ಚಿಕ್ಕಪ್ಪ. ಬೆಂಗಳೂರಿನಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಪಾಠ ಹೇಳುವ ಅವರ ಅಣ್ಣನ ಮಗಳು. ಪುಣೆಯ ಮನೆಯಲ್ಲಿ ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯನ್ನು ಬ್ಲೂರೇ ಡಿಸ್ಕಿನಲ್ಲಿ ನೋಡಿ ಮುಗಿಸಿದ ಮೇಲೆ ಇಬ್ಬರ ನಡುವೆ ನಡೆದ ಮಾತು.

ಮಗಳು: ಚಿಕ್ಕಪ್ಪ, ಸ್ವಲ್ಪ ಹಿಂದಕ್ಕೆ ಹಾಕಿ. ಅಪು ಹಾರವನ್ನು ಕೊಳಕ್ಕೆ ಎಸೀತಾನಲ್ಲ, ಅಲ್ಲಿಗೆ.

ಚಿಕ್ಕಪ್ಪ: ಇಗೋ. ಹಾರ ಬಿತ್ತು. ಪಾಚಿ ಬಿರಿದು ಕಪ್ಪು ನೀರು ಕಂಡಿತು. ಈಗ ಅಂಚಿನಿಂದ ಮೆಲ್ಲಗೆ ಕೂಡಿಕೊಳ್ತಾ ಇದೆ ನೋಡು. ಅಪುವಿನ ಅಕ್ಕ ಆ ಹಾರ ಕದ್ದಿದ್ದಳು ಅನ್ನೋದಕ್ಕೆ ಇದ್ದ ಒಂದೇ ಸಾಕ್ಷಿ ಮುಳುಗಿಹೋಯಿತು.

ಮಗಳು: ಇದನ್ನು ಕ್ಲಾಸಿನಲ್ಲಿ ಹುಡುಗರಿಗೆ ತೋರಿಸಿದ್ದೇನೆ. ಇಂಟರ್‌ನೆಟ್ಟಿನಲ್ಲಿ ಸಿಕ್ಕಿದ ಪ್ರತಿ. ಅದರಲ್ಲಿ ಕೊಳ ಅಂದರೆ ಬರೀ ಬೂದು ಬಣ್ಣದ ಒಂದು ಪಟ್ಟಿ. ಹುಡುಗ ಏನೋ ಎಸೆದ, ನೀರಿಗೆ ಬಿತ್ತು, ಅಷ್ಟು ಗೊತ್ತಾಗುತ್ತಿತ್ತು. ಪಾಚಿ ಮತ್ತೆ ಮುಚ್ಚಿಕೊಂಡಿದ್ದು ಕಾಣುತ್ತಲೇ ಇರಲಿಲ್ಲ.

ಚಿಕ್ಕಪ್ಪ: ವಿಭೂತಿಭೂಷಣ ಬಂದ್ಯೋಪಾಧ್ಯಾಯರ ಕಾದಂಬರಿಯಲ್ಲಿ ಅಪು ಆ ಕದ್ದ ವಸ್ತುವನ್ನು ಎಸೆಯುವುದು ಬಿದಿರು ಮೆಳೆಗೆ. ರಾಯ್ ಅದನ್ನು ಕೊಳಕ್ಕೆ ತಂದರು. ಮೆಳೆಗೆ ಬಿದ್ದದ್ದು ಮಾಯವಾಯಿತು ಅಂತ ಕಾದಂಬರಿಕಾರ ಬರೆದು ನಂಬಿಸಬಹುದು. ಕ್ಯಾಮೆರಾಕ್ಕೆ ಆ ಅನುಕೂಲ ಇಲ್ಲ, ಅದಕ್ಕೆ ಕಣ್ಣೆದುರು ಏನಾದರೂ ನಡೆಯಬೇಕು. ಪಾಚಿ ತೆರೆದು ಮುಚ್ಚಿಕೊಂಡಾಗ, ತಮ್ಮ ಅಕ್ಕನ ಮಾನ ಕಾದ ಅನ್ನೋದು ಒಂದೂ ಮಾತಿಲ್ಲದೆ ನಮಗೆ ತಲುಪುತ್ತದೆ. ಆ ಕೆಲವು ಸೆಕೆಂಡು ಕಾಣದಿದ್ದರೆ ರಾಯ್ ಕಾದಂಬರಿಗೆ ಮಾಡಿದ್ದೇನು ಅನ್ನೋದೇ ಗೊತ್ತಾಗೋದಿಲ್ಲ.

ಮಗಳು: ನಾನು ಯಾವಾಗಲೂ ಪುಸ್ತಕದ ಪಕ್ಷದವಳು, ನಿಮಗೆ ಗೊತ್ತು. ‘ಘಟಶ್ರಾದ್ಧ’ ಪಾಠ ಮಾಡುವಾಗ ಅನಂತಮೂರ್ತಿಯವರ ಕತೆಯನ್ನು ಎಷ್ಟು ದಿನ ಬೇಕಾದರೂ ಬಿಡಿಸುತ್ತೇನೆ. ಗಿರೀಶ ಕಾಸರವಳ್ಳಿಯವರ ಸಿನಿಮಾಕ್ಕೆ ಒಂದು ಮಧ್ಯಾಹ್ನ ಸಾಕು ಅನ್ನಿಸುತ್ತಿತ್ತು. ಹುಡುಗರೂ ಹಾಗೇ ಬರೆಯುತ್ತಾರೆ: ಕತೆಯಲ್ಲಿ ಇದ್ದದ್ದು ಇಷ್ಟು, ಸಿನಿಮಾದಲ್ಲಿ ಬಿಟ್ಟದ್ದು ಇಷ್ಟು, ಸೇರಿಸಿದ್ದು ಇಷ್ಟು.

ಚಿಕ್ಕಪ್ಪ: ಅವರದೇನೂ ತಪ್ಪಿಲ್ಲ ಮಾರಾಯ್ತಿ. ಮಸುಕು ಪ್ರತಿಯಲ್ಲಿ ಉಳಿಯೋದು ಕತೆ ಮಾತ್ರ. ಯಾರು ಬಂದರು, ಏನಂದರು, ಎಲ್ಲಿಗೆ ಹೋದರು, ಇಷ್ಟು ಎಂಥ ಕೆಟ್ಟ ಪ್ರತಿಯಲ್ಲೂ ಉಳಿದುಕೊಳ್ಳುತ್ತದೆ. ನೆರಳು, ಮುಖದ ಮೇಲಿನ ಬೆವರು, ಹಿನ್ನೆಲೆಯ ಬಾಗಿಲಲ್ಲಿ ನಿಂತ ಒಬ್ಬ ಮನುಷ್ಯ, ಇವೆಲ್ಲ ಮೊದಲು ಹೋಗುತ್ತವೆ. ಉಳಿದ ಅಸ್ಥಿಪಂಜರವನ್ನು ಪುಸ್ತಕದ ಪಕ್ಕದಲ್ಲಿ ನಿಲ್ಲಿಸಿದರೆ ಪುಸ್ತಕವೇ ಗೆಲ್ಲೋದು. ಕನ್ನಡದಲ್ಲಿ ಸಾಹಿತ್ಯ ದೊಡ್ಡದೋ ಸಿನಿಮಾ ದೊಡ್ಡದೋ ಅಂತ ನಾವು ಹತ್ತಾರು ವರ್ಷ ವಾದ ಮಾಡಿದೆವಲ್ಲ, ಅದರಲ್ಲಿ ಬಹಳಷ್ಟು ವಾದ ಸಿನಿಮಾವನ್ನು ಸರಿಯಾಗಿ ನೋಡದೆ ಮಾಡಿದ್ದು ಅಂತ ನನ್ನ ಖಚಿತ ಅಭಿಪ್ರಾಯ.

ಮಗಳು: ಇದು ಸ್ವಲ್ಪ ಜಾಸ್ತಿ ಆಯಿತು ಚಿಕ್ಕಪ್ಪ. 1977ರಲ್ಲಿ ಜನ ‘ಘಟಶ್ರಾದ್ಧ’ವನ್ನು ಥಿಯೇಟರಿನಲ್ಲೇ ನೋಡಿದ್ದಾರೆ. ಆ ವರ್ಷದ ರಾಷ್ಟ್ರಪ್ರಶಸ್ತಿ ಸ್ವರ್ಣ ಕಮಲವೂ ಅದಕ್ಕೇ ಬಂತು.

ಚಿಕ್ಕಪ್ಪ: ಥಿಯೇಟರಿನಲ್ಲಿ ನೋಡಿದವರು ಎಷ್ಟು ಜನ? ಆಮೇಲಿನ ತಲೆಮಾರು ನೋಡಿದ್ದು ದೂರದರ್ಶನದಲ್ಲಿ, ವಿಸಿಡಿಯಲ್ಲಿ, ಈಗ ಫೋನಿನಲ್ಲಿ. ಲೆಕ್ಕ ಹೇಳ್ತೇನೆ ಕೇಳು. ವಿಸಿಡಿಯ ಒಂದು ಚೌಕಟ್ಟಿನಲ್ಲಿ, ಅಂದರೆ ಒಂದು ಫ್ರೇಮಿನಲ್ಲಿ, ಇರೋದು ಸುಮಾರು 1 ಲಕ್ಷ ಚುಕ್ಕೆ, ಪಿಕ್ಸೆಲ್. ಡಿವಿಡಿಯಲ್ಲಿ 4 ಲಕ್ಷ. ಬ್ಲೂರೇಯಲ್ಲಿ 20 ಲಕ್ಷ ದಾಟುತ್ತದೆ. 4ಕೆ ಅಂದರೆ 83 ಲಕ್ಷದ ಹತ್ತಿರ. 35 ಎಂಎಂ ನೆಗೆಟಿವ್‌ನಲ್ಲಿ ಇರೋ ವಿವರವನ್ನು 1 ಲಕ್ಷ ಚುಕ್ಕೆಯೊಳಗೆ ತುರುಕಿದರೆ ಏನು ಉಳಿದೀತು? ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಸಿನಿಮಾ ಓಡೋದು ಸೆಕೆಂಡಿಗೆ 24 ಚೌಕಟ್ಟು. ನಮ್ಮ ಟಿವಿಯ ಪಾಲ್ ಪದ್ಧತಿಯ ವಿಡಿಯೊ ಓಡೋದು 25. ಹಾಗಾಗಿ ಆ ಪದ್ಧತಿಯ ಡಿಸ್ಕಿನಲ್ಲಿ ನೂರು ನಿಮಿಷದ ಸಿನಿಮಾ ನಾಲ್ಕು ನಿಮಿಷ ಮೊದಲೇ ಮುಗಿಯುತ್ತದೆ, ದನಿಯ ಶ್ರುತಿಯೂ ಸ್ವಲ್ಪ ಏರುತ್ತದೆ. ‘ಘಟಶ್ರಾದ್ಧ’ಕ್ಕೆ ಸಂಗೀತ ಬಿ.ವಿ. ಕಾರಂತರದು. ಒಂದೊಂದು ಮೌನಕ್ಕೂ ಅಳತೆ ಇಟ್ಟು ಕೆಲಸ ಮಾಡಿದ ಮನುಷ್ಯ ಅವರು. ಆ ಅಳತೆಯನ್ನೇ ಕೆಡಿಸಿದ ಪ್ರತಿ ನೋಡಿ ನಾವು ತೀರ್ಮಾನ ಕೊಟ್ಟೆವು.

ಮಗಳು: ಹಾಗಾದರೆ ನಿಮ್ಮ ಹೆಗ್ಗೋಡಿನ ಮಾತಿಗೆ ಬರೋಣ. ಅಲ್ಲಿನ ನೀನಾಸಂ ಸಂಸ್ಥೆಯಲ್ಲಿ ಸುಬ್ಬಣ್ಣನವರು ಹಳ್ಳಿಯವರಿಗೆ ಸಿನಿಮಾ ತೋರಿಸುವಾಗ ಯಾವ 4ಕೆ ಇತ್ತು? ಪುಣೆಯ ಫಿಲ್ಮ್ ಆರ್ಕೈವ್‌ನಿಂದ ಪಿ.ಕೆ. ನಾಯರ್, ಫಿಲ್ಮ್ ಇನ್‌ಸ್ಟಿಟ್ಯೂಟಿನಿಂದ ಸತೀಶ್ ಬಹಾದೂರ್ ಬಂದು ಅಡಿಕೆ ತೋಟದವರಿಗೆ ‘ಬೈಸಿಕಲ್ ಥೀವ್ಸ್’, ‘ರಾಶೋಮನ್’ ತೋರಿಸಿ ಮಾತಾಡುತ್ತಿದ್ದರು ಅಂತ ನೀವೇ ಹೇಳೋದು. ಭಾಷೆ ಬರದ ಜನ, ಸಣ್ಣ ಪರದೆ. ಆದರೂ ಅವರು ಆ ಸಿನಿಮಾಗಳನ್ನು ನಮ್ಮ ಹುಡುಗರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ತಾಂತ್ರಿಕತೆ ಅಷ್ಟು ಮುಖ್ಯ ಅನ್ನೋದಾದರೆ ಅದು ಹೇಗಾಯಿತು?

ಚಿಕ್ಕಪ್ಪ: ಒಳ್ಳೆಯ ಪ್ರಶ್ನೆ. ಆದರೆ ಅವರು ನೋಡಿದ್ದೇನು? ಫಿಲ್ಮ್. ಪುಣೆಯ ಆರ್ಕೈವ್ ಕಾಪಾಡಿಟ್ಟ ಪ್ರಿಂಟು, ಪ್ರೊಜೆಕ್ಟರ್ ಬೆಳಕು, ಕತ್ತಲು ಮಾಡಿದ ಜಾಗ. ಆ ಪ್ರಿಂಟು ಗೀಚಿರಬಹುದು, ಮಧ್ಯೆ ತುಂಡಾಗಿರಬಹುದು. ಆದರೂ ನಮ್ಮ ಮನೆಗಳಿಗೆ ಬಂದ ವಿಸಿಡಿಗಿಂತ ಎಷ್ಟೋ ಪಾಲು ವಿವರ ಅದರಲ್ಲಿತ್ತು. ನಾವು ಇವತ್ತು ಹೈ ಡೆಫಿನಿಷನ್ ಅಂತ ಹೊಸದಾಗಿ ಕೊಳ್ಳುತ್ತಿರೋದು ಹಳ್ಳಿಯ ಟೆಂಟ್ ಸಿನಿಮಾದಲ್ಲೂ ಇದ್ದದ್ದೇ. ನಡುವಿನ ಮೂವತ್ತು ನಲವತ್ತು ವರ್ಷ ಕಳೆದುಕೊಂಡೆವು, ಈಗ ವಾಪಸ್ ಸಿಗುತ್ತಾ ಇದೆ. ನಾನು ಈ ಡಿಸ್ಕನ್ನು ಮೆಚ್ಚೋದು ಅದಕ್ಕೆ, ಹೊಸ ಯಂತ್ರದ ಮೋಹಕ್ಕೆ ಅಲ್ಲ.

ಮಗಳು: ಸಿನಿಮಾ ಅರ್ಥವಾಗೋದಕ್ಕೆ ಜೊತೆಗೆ ಕೂತು ಮಾತಾಡುವ ಜನವೂ ಬೇಕು. ಅದು ಡಿಸ್ಕಿನಲ್ಲಿ ಬರೋದಿಲ್ಲ.

ಚಿಕ್ಕಪ್ಪ: ಒಪ್ಪಿದೆ. ಪೂರ್ತಿ ಒಪ್ಪಿದೆ.

ಮಗಳು: ಸರಿ, ‘ಘಟಶ್ರಾದ್ಧ’ದಲ್ಲಿ ನನಗೆ ಕಾಣದೇ ಹೋದದ್ದು ಯಾವುದು ಹೇಳಿ. ಇಲ್ಲದಿದ್ದರೆ ಇದೆಲ್ಲ ಗಾಳಿಮಾತು.

ಚಿಕ್ಕಪ್ಪ: ರಾತ್ರಿ. ಆ ಸಿನಿಮಾದ ಅರ್ಧ ಜೀವ ಕತ್ತಲಲ್ಲಿದೆ. ವಿಧವೆ ಯಮುನಕ್ಕ ಬಸುರಿ. ಮನೆಯಲ್ಲಿ ಅಪ್ಪ ಉಡುಪರ ವೇದಪಾಠಶಾಲೆ. ಇಡೀ ಅಗ್ರಹಾರದಲ್ಲಿ ಅವಳಿಗೆ ಜೊತೆ ಅಂದರೆ ಅಲ್ಲಿ ಕಲಿಯಲು ಬಂದ ನಾಣಿ ಎಂಬ ಪುಟ್ಟ ಹುಡುಗ ಒಬ್ಬನೇ. ಅವಳು ಹುತ್ತದೊಳಗೆ ಕೈ ಇಡುತ್ತಾಳಲ್ಲ, ನೀನು ಕಂಡದ್ದು ಏನು?

ಮಗಳು: ಕೈ ಒಳಗೆ ಹೋಗಿದ್ದು. ಹುಡುಗ ಗಾಬರಿಯಾಗಿದ್ದು.

ಚಿಕ್ಕಪ್ಪ: ಅದು ಕತೆಯ ಸಂಗತಿ, ಅನಂತಮೂರ್ತಿಯವರು ಬರೆದಿದ್ದಾರೆ. ಛಾಯಾಗ್ರಾಹಕ ಎಸ್. ರಾಮಚಂದ್ರ ತೋರಿಸಿದ್ದು ಅದರ ಸುತ್ತಲಿನ ಕಾಡು. ಆ ಕಾಡಿನಲ್ಲಿ ಕಪ್ಪು ಅಂದರೆ ಒಂದೇ ಕಪ್ಪಲ್ಲ. ಎಲೆಯ ಕಪ್ಪು ಬೇರೆ, ಮರದ ಬೊಡ್ಡೆಯ ಕಪ್ಪು ಬೇರೆ, ಹುತ್ತದ ಬಾಯಿಯ ಕಪ್ಪು ಬೇರೆ. ಒಳ್ಳೆಯ ಪ್ರಿಂಟಿನಲ್ಲಿ ಈ ಮೂರೂ ಬಿಡಿಬಿಡಿಯಾಗಿ ಕಾಣುತ್ತವೆ, ಹುಡುಗನಿಗೆ ಯಾವುದರ ಭಯ ಅನ್ನೋದು ನಮ್ಮ ಮೈಗೇ ಗೊತ್ತಾಗುತ್ತದೆ. ಕೆಟ್ಟ ಪ್ರತಿಯಲ್ಲಿ ಮೂರೂ ಸೇರಿ ಒಂದು ಕಪ್ಪು ಚೌಕ. ಆಗ ನಾವು ಸಂಭಾಷಣೆಗೆ ಕಿವಿ ಕೊಟ್ಟು ಮುಂದೆ ಹೋಗುತ್ತೇವೆ. ಗರ್ಭ ತೆಗೆಸುವ ರಾತ್ರಿಯೂ ಹಾಗೇ. ಬಡಿತದ ಸದ್ದು, ಬೆಂಕಿ, ಕತ್ತಲು. ಕತ್ತಲಲ್ಲಿ ಆಳ ಇದ್ದರೆ ಮಾತ್ರ ಬೆಂಕಿಗೆ ಅರ್ಥ.

ಮಗಳು: ಕತೆ, ಸಿನಿಮಾ ಎರಡೂ ಹುಡುಗನ ಕಣ್ಣಿನಿಂದಲೇ ನೋಡುತ್ತವೆ. ನಾನು ಕ್ಲಾಸಿನಲ್ಲಿ ಒತ್ತಿ ಹೇಳೋದು ಅದನ್ನೇ. ನಾಣಿಗೆ ಪೂರ್ತಿ ಅರ್ಥವಾಗದೇ ಇರೋದು ಓದುಗನಿಗೆ ಅರ್ಥವಾಗಬೇಕು, ಅಲ್ಲಿದೆ ಕತೆಯ ಶಕ್ತಿ ಅಂತ.

ಚಿಕ್ಕಪ್ಪ: ಹೌದಲ್ಲ? ಬರಹಗಾರ ಅದನ್ನು ಹುಡುಗನ ಮಾತಿನ ಮಿತಿಯಿಂದ ಸಾಧಿಸುತ್ತಾನೆ. ಕಾಸರವಳ್ಳಿ ಅದನ್ನು ಸಾಧಿಸೋದು ಹುಡುಗನಿಗೆ ಎಷ್ಟು ಕಾಣುತ್ತದೆ, ನಮಗೆ ಎಷ್ಟು ಕಾಣುತ್ತದೆ ಅನ್ನೋದರ ಅಂತರದಿಂದ. ಈಗ ಯೋಚನೆ ಮಾಡು, ನಮಗೂ ಏನೂ ಕಾಣದಿದ್ದರೆ ಆ ಅಂತರವೇ ಬಿದ್ದುಹೋಯಿತು. ಕೊನೆಯಲ್ಲಿ ತಲೆ ಬೋಳಿಸಿದ ಯಮುನಕ್ಕ ಒಂಟಿಯಾಗಿ ಕೂತಿದ್ದಾಳೆ, ಹುಡುಗನನ್ನು ಅವನ ಅಪ್ಪ ಕರೆದುಕೊಂಡು ಹೋಗುತ್ತಾನೆ. ಉಡುಪರು ಬದುಕಿರುವ ಮಗಳಿಗೆ ಶ್ರಾದ್ಧ ಮಾಡಿ ಮುಗಿಸಿದ್ದಾರೆ. ಯಮುನಕ್ಕನಾಗಿ ನಟಿಸಿದ ಮೀನಾ ಕುಟ್ಟಪ್ಪ ಆ ಹೊತ್ತಿನಲ್ಲಿ ಏನೂ ಮಾತಾಡೋದಿಲ್ಲ. ಮುಖ ಕಾಣದೆ ಹೋದರೆ ಅಲ್ಲಿ ಇನ್ನೇನೂ ಇಲ್ಲ.

ಮಗಳು: ಅನಂತಮೂರ್ತಿ, ಕಾಸರವಳ್ಳಿ ಇಬ್ಬರೂ ತೀರ್ಥಹಳ್ಳಿ ತಾಲ್ಲೂಕಿನವರೇ. ಒಬ್ಬರು ಮೇಳಿಗೆ, ಒಬ್ಬರು ಕೆಸಲೂರು. ಒಂದೇ ಮಳೆ, ಒಂದೇ ಕತ್ತಲು ಕಂಡವರು.

ಚಿಕ್ಕಪ್ಪ: ಅನಂತಮೂರ್ತಿ ಆ ಕತ್ತಲನ್ನು ಮೈಸೂರು, ಬರ್ಮಿಂಗ್‌ಹ್ಯಾಮ್ ದಾಟಿ ನೋಡಿದರು. ಕಾಸರವಳ್ಳಿ ಮಣಿಪಾಲದಲ್ಲಿ ಔಷಧಶಾಸ್ತ್ರ ಓದಿ, ಇಲ್ಲಿಗೆ ಬಂದು, ಈ ಲಾ ಕಾಲೇಜು ರಸ್ತೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತರು. ಹಿಂದೆ ಪ್ರಭಾತ್ ಸ್ಟುಡಿಯೊ ಇದ್ದ ಜಾಗ ಅದು, ‘ಸಂತ ತುಕಾರಾಮ್’ ತಯಾರಾದ ಜಾಗ. ಗಿರೀಶ ಕಾರ್ನಾಡರು 1974ರಲ್ಲಿ ಅದೇ ಸಂಸ್ಥೆಗೆ ನಿರ್ದೇಶಕರಾಗಿ ಬಂದಿದ್ದರು. ಕಾಸರವಳ್ಳಿ ಬಿ.ವಿ. ಕಾರಂತರ ‘ಚೋಮನ ದುಡಿ’ಗೆ ಸಹಾಯಕರಾಗಿ, ಆಮೇಲೆ ತಮ್ಮ ಮೊದಲ ಚಿತ್ರ ‘ಘಟಶ್ರಾದ್ಧ’ ಮಾಡಿದರು. ಇನ್ನೂ ಮೂವತ್ತು ತುಂಬಿರಲಿಲ್ಲ.

ಮಗಳು: ಅದರ ನೆಗೆಟಿವ್ ಕೂಡ ಪುಣೆಗೇ ಬಂತಲ್ಲ?

ಚಿಕ್ಕಪ್ಪ: ಬಂತು. ರಾಷ್ಟ್ರೀಯ ಫಿಲ್ಮ್ ಆರ್ಕೈವ್ 1964ರಲ್ಲಿ ಇಲ್ಲಿ ಶುರುವಾಯಿತು, ಅದನ್ನು ಕಟ್ಟಿ ಬೆಳೆಸಿದವರು ನಾಯರ್. ಆ ಆರ್ಕೈವ್ ಕಾಪಾಡಿದ ಮೂಲ ನೆಗೆಟಿವ್ ಹಿಡಿದೇ ‘ಘಟಶ್ರಾದ್ಧ’ ಮತ್ತೆ ಹುಟ್ಟಿದ್ದು. ಶಿವೇಂದ್ರ ಸಿಂಗ್ ಡುಂಗರ್‌ಪುರ್ ಅವರ ಫಿಲ್ಮ್ ಹೆರಿಟೇಜ್ ಫೌಂಡೇಶನ್, ಮಾರ್ಟಿನ್ ಸ್ಕಾರ್ಸೇಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ 4ಕೆಯಲ್ಲಿ ಸರಿಪಡಿಸಿದರು. 2024ರ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ತೋರಿಸಿದರು. ನಿರ್ಮಾಪಕ ಸದಾನಂದ ಸುವರ್ಣರು ಅದಕ್ಕೆ ಸ್ವಲ್ಪ ಮೊದಲು, ಅದೇ ವರ್ಷ ಜುಲೈಯಲ್ಲಿ ತೀರಿಕೊಂಡರು. ಅವರು ಇರಬೇಕಿತ್ತು.

ಮಗಳು: ಈ ‘ಪಥೇರ್ ಪಾಂಚಾಲಿ’ಯೂ ಬೊಲೊನ್ಯಾದಲ್ಲೇ ಆದದ್ದಲ್ಲವೇ?

ಚಿಕ್ಕಪ್ಪ: ಅದೇ ಲ್ಯಾಬು. ಆದರೆ ಇದರ ಪಾಡು ಬೇರೆ. ರಾಯ್ ಚಿತ್ರಗಳ ನೆಗೆಟಿವ್‌ಗಳನ್ನು ಲಂಡನ್ನಿನ ಒಂದು ಲ್ಯಾಬಿಗೆ ಕಳಿಸಿದ್ದರು. 1993ರಲ್ಲಿ ಅಲ್ಲಿ ಬೆಂಕಿ ಬಿತ್ತು. ಸುಟ್ಟ, ಕರಗಿದ, ಅಂಟಿಕೊಂಡ ಸುರುಳಿಗಳನ್ನು ಆಸ್ಕರ್ ಕೊಡುವ ಅಮೆರಿಕದ ಅಕಾಡೆಮಿಯ ಆರ್ಕೈವ್‌ನವರು ಬಿಸಾಡದೆ ಎತ್ತಿಟ್ಟರು. ಇಪ್ಪತ್ತು ವರ್ಷ ಕಳೆದ ಮೇಲೆ ಬೊಲೊನ್ಯಾದವರು ಸೆಟೆದುಹೋದ ಫಿಲ್ಮಿಗೆ ತೇವ ಕೊಟ್ಟು ಮೆದು ಮಾಡಿ, ಅಂಚಿನ ರಂಧ್ರಗಳನ್ನು ಕೈಯಿಂದ ಕಟ್ಟಿ ಸರಿಪಡಿಸಿದರು. ಕೈಕೆಲಸವೇ ಸಾವಿರ ಗಂಟೆಯ ಹತ್ತಿರ. ಅಷ್ಟಾದರೂ ‘ಪಥೇರ್ ಪಾಂಚಾಲಿ’ಯ ಮೂಲ ನೆಗೆಟಿವ್‌ನಲ್ಲಿ ಉಪಯೋಗಕ್ಕೆ ಬಂದದ್ದು ಶೇಕಡಾ 40. ಉಳಿದದ್ದನ್ನು ಬೇರೆ ಬೇರೆ ದೇಶಗಳ ಪ್ರತಿಗಳಿಂದ ತುಂಬಿದರು. 2015ರಲ್ಲಿ ಕ್ರೈಟೀರಿಯನ್ ಸಂಸ್ಥೆ ಡಿಸ್ಕ್ ತಂದಿತು, ನೀನು ಈಗ ನೋಡಿದ್ದು ಅದು. ಇದೆಲ್ಲ ಗೊತ್ತಿದ್ದು ನೋಡಿದಾಗ, ಆ ಪಾಚಿ ನನಗೆ ಇನ್ನೂ ಬೇರೆ ರೀತಿ ಕಾಣುತ್ತದೆ.

ಮಗಳು: ಒಂದು ಸಂಶಯ. ಹೀಗೆ ತೊಳೆದು ಬೆಳಗಿದ ಚಿತ್ರ ಮೂಲದ್ದೇನಾ? ಕೆಲವು ಹಳೆಯ ಸಿನಿಮಾಗಳನ್ನು ಟಿವಿಯಲ್ಲಿ ನೋಡಿದರೆ ಮುಖಗಳು ಮೇಣದ ಗೊಂಬೆ ಥರ ಇರುತ್ತವೆ.

ಚಿಕ್ಕಪ್ಪ: ಅದು ಕೆಟ್ಟ ಕೆಲಸದ ಗುರುತು. ಫಿಲ್ಮಿನಲ್ಲಿ ಸಣ್ಣ ಕಣ ಇರುತ್ತದೆ, ಗ್ರೇನ್. ಆ ಕಣಗಳೇ ಚಿತ್ರ. ಕೊಳೆ ಅಂತ ತಿಳಿದು ಕಂಪ್ಯೂಟರಿನಲ್ಲಿ ಅದನ್ನು ಒರೆಸಿದರೆ ಚರ್ಮದ ವಿವರವೂ ಜೊತೆಗೇ ಹೋಗುತ್ತದೆ. ಒಳ್ಳೆಯ ರಿಸ್ಟೊರೇಶನ್ ಗೀಚು, ಧೂಳು, ಅಲುಗಾಟ ತೆಗೆಯುತ್ತದೆ, ಕಣವನ್ನು ಮುಟ್ಟೋದಿಲ್ಲ. ಅದಕ್ಕೇ ನಿರ್ದೇಶಕ, ಛಾಯಾಗ್ರಾಹಕ ಬದುಕಿದ್ದರೆ ಪಕ್ಕದಲ್ಲಿ ಕೂರಿಸಿಕೊಂಡು ಮಾಡಬೇಕು. ‘ಘಟಶ್ರಾದ್ಧ’ದ ರಾಮಚಂದ್ರ ಈಗ ಇಲ್ಲ. ಕಾಸರವಳ್ಳಿ ಇದ್ದರು, ಜೊತೆಗೆ ಕೆಲಸ ಮಾಡಿದರು, ನಮ್ಮ ಪುಣ್ಯ. ಇನ್ನೊಂದು ಹೇಳಲೇಬೇಕು. ಹೊಸ ಟಿವಿಗಳಲ್ಲಿ ಮೋಷನ್ ಸ್ಮೂದಿಂಗ್ ಅಂತ ಒಂದು ಇರುತ್ತದೆ, ಸಿನಿಮಾದ ಚೌಕಟ್ಟುಗಳ ನಡುವೆ ತಾನೇ ಸುಳ್ಳು ಚೌಕಟ್ಟು ಹುಟ್ಟಿಸಿ ಸೇರಿಸುತ್ತದೆ. ಎಲ್ಲ ಧಾರಾವಾಹಿ ಥರ ಜಾರುತ್ತದೆ. ಅದನ್ನು ಆಫ್ ಮಾಡದೆ ಯಾವ ಹಳೆಯ ಸಿನಿಮಾವನ್ನೂ ನೋಡಬೇಡ.

ಮಗಳು: ಸರಿ. ಈಗ ನನ್ನ ದೂರು ಕೇಳಿ. ನೀವು ಬ್ಲೂರೇ ಪ್ಲೇಯರ್ ಇಟ್ಟುಕೊಂಡಿದ್ದೀರಿ, ವಿದೇಶದಿಂದ ಡಿಸ್ಕ್ ತರಿಸಿಕೊಳ್ಳುತ್ತೀರಿ. ನನ್ನ ಹುಡುಗರಲ್ಲಿ ಹೆಚ್ಚಿನವರಿಗೆ ಇರೋದು ಒಂದು ಫೋನು. ವೆನಿಸ್‌ನಲ್ಲಿ ತೋರಿಸಿದ ‘ಘಟಶ್ರಾದ್ಧ’ ತೀರ್ಥಹಳ್ಳಿಯ ಕಾಲೇಜಿಗೆ ಯಾವಾಗ ಬರುತ್ತದೆ? ಪುಸ್ತಕ ಹಾಗಲ್ಲ. ಅನಂತಮೂರ್ತಿಯವರ ಕತೆ ತಾಲ್ಲೂಕಿನ ಲೈಬ್ರರಿಯಲ್ಲೂ ಸಿಗುತ್ತದೆ, ಸಿಕ್ಕಿದ ಪ್ರತಿ ಪೂರ್ತಿಯಾಗಿಯೇ ಇರುತ್ತದೆ. ಮಾಸಿದ ಪುಟದಲ್ಲೂ ವಾಕ್ಯ ಕಡಿಮೆಯಾಗೋದಿಲ್ಲ. ಪುಸ್ತಕ ಸಿನಿಮಾಕ್ಕಿಂತ ದೊಡ್ಡದು ಅಂತ ನಾನು ಇನ್ನು ವಾದ ಮಾಡೋದಿಲ್ಲ. ಆದರೆ ಪುಸ್ತಕ ಬಡವರ ಕೈಗೂ ಪೂರ್ತಿಯಾಗಿ ಸಿಗುತ್ತದೆ. ಸಿನಿಮಾ ಸಿಗೋದಿಲ್ಲ.

ಚಿಕ್ಕಪ್ಪ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನೀನು ಹೇಳೋದು ಸರಿ.

ಮಗಳು: ಸರ್ಕಾರ ದುಡ್ಡು ಇಟ್ಟಿದೆಯಲ್ಲ?

ಚಿಕ್ಕಪ್ಪ: ಇಟ್ಟಿದೆ. ರಾಷ್ಟ್ರೀಯ ಫಿಲ್ಮ್ ಹೆರಿಟೇಜ್ ಮಿಷನ್ ಅಡಿಯಲ್ಲಿ 2022ರಲ್ಲಿ 2200 ಚಿತ್ರಗಳ ರಿಸ್ಟೊರೇಶನ್‌ಗೆ ಅಂತ 363 ಕೋಟಿ ರೂಪಾಯಿ ಘೋಷಿಸಿದರು. ಎಲ್ಲ ಭಾಷೆಯ ಚಿತ್ರಗಳೂ ಸೇರಿ. ಒಳ್ಳೆಯದೇ. ಆದರೆ ಸರಿಪಡಿಸಿದ ಪ್ರತಿ ಕಪಾಟಿನಲ್ಲೋ ಚಿತ್ರೋತ್ಸವದಲ್ಲೋ ಉಳಿದರೆ ಕೆಲಸ ಅರ್ಧವೇ ಆದ ಹಾಗೆ. ‘ಸಂಸ್ಕಾರ’, ‘ವಂಶವೃಕ್ಷ’, ‘ಕಾಡು’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ಈ ಆರು ಸಿನಿಮಾಗಳ ಒಳ್ಳೆಯ ಪ್ರತಿ ಕರ್ನಾಟಕದ ಪ್ರತಿ ಪದವಿ ಕಾಲೇಜಿನ ಲೈಬ್ರರಿಯಲ್ಲಿ ಇರಬೇಕು. ಮೂಲ ಪುಸ್ತಕದ ಪಕ್ಕದಲ್ಲೇ. ಒಂದು ಕತ್ತಲು ಕೋಣೆ, ಒಂದು ಪ್ರೊಜೆಕ್ಟರ್, ನೋಡಿದ ಮೇಲೆ ಮಾತಾಡೋದಕ್ಕೆ ನಿನ್ನಂಥ ಮೇಷ್ಟ್ರು. ಹೆಗ್ಗೋಡಿನಂಥ ಹಳ್ಳಿಯಲ್ಲಿ ಅರ್ಧ ಶತಮಾನದ ಹಿಂದೆ ಆದದ್ದು ಇವತ್ತು ಆಗೋದಿಲ್ಲ ಅಂದರೆ ನಾನು ನಂಬೋದಿಲ್ಲ.

ಮಗಳು: ಅದಕ್ಕೆ ಮೊದಲು ಮೂಲ ಸಾಮಗ್ರಿ ಉಳಿದಿರಬೇಕು.

ಚಿಕ್ಕಪ್ಪ: ಅದೇ ನನ್ನ ಭಯ. ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನಾ’. 1934ರದು. ಇಲ್ಲೇ ಕೊಲ್ಹಾಪುರದಲ್ಲಿ ತೆಗೆದದ್ದು. ಒಂದು ಪ್ರಿಂಟೂ ಉಳಿದಿಲ್ಲ. ಹಳೆಯ ಪ್ರಿಂಟುಗಳನ್ನು ಬೆಳ್ಳಿ ತೆಗೆಯೋದಕ್ಕೆ ಕರಗಿಸಿದ ದೇಶ ನಮ್ಮದು. 2003ರ ಜನವರಿಯಲ್ಲಿ ಪುಣೆಯ ಆರ್ಕೈವ್‌ನ, ಬೇಗ ಹೊತ್ತಿಕೊಳ್ಳುವ ಹಳೆಯ ನೈಟ್ರೇಟ್ ಫಿಲ್ಮಿನ ಸಂಗ್ರಹಕ್ಕೇ ಬೆಂಕಿ ಬಿದ್ದು 5000ಕ್ಕೂ ಹೆಚ್ಚು ರೀಲು ಹೋದವು. ಆ ಸುದ್ದಿ ನೆನಪಾದರೆ ಈಗಲೂ ಸಂಕಟ ಆಗುತ್ತದೆ. ನೈಟ್ರೇಟ್ ಆದಮೇಲೆ ಬಂದ ಅಸಿಟೇಟ್ ಫಿಲ್ಮಿಗೆ ಬೆಂಕಿಯ ಹೆದರಿಕೆ ಕಡಿಮೆ, ಆದರೆ ಸೆಕೆ, ತೇವ ತಾಗಿದರೆ ಕೊಳೆಯುತ್ತದೆ. ವಿನೆಗರ್ ವಾಸನೆ ಬರೋದಕ್ಕೆ ಶುರುವಾಗುತ್ತದೆ. ಆಮೇಲೆ ಪಕ್ಕದ ಡಬ್ಬಿಗೂ ಹಬ್ಬುತ್ತದೆ. ನಮ್ಮ ಮಲೆನಾಡಿನ ಮಳೆಗಾಲಕ್ಕಿಂತ ಕೆಟ್ಟ ಹವೆ ಫಿಲ್ಮಿಗೆ ಇನ್ನೊಂದಿಲ್ಲ.

ಮಗಳು: ಹಳೆಯ ಟೂರಿಂಗ್ ಟಾಕೀಸಿನವರ ಮನೆಯಲ್ಲಿ, ಮುಚ್ಚಿಹೋದ ಫಿಲ್ಮ್ ಸೊಸೈಟಿಗಳ ಬೀರುವಿನಲ್ಲಿ ಇನ್ನೂ ಇರಬಹುದು ಅಲ್ವಾ?

ಚಿಕ್ಕಪ್ಪ: ಇರಬಹುದು. ನಾಯರ್ ಎಷ್ಟೋ ಸಿನಿಮಾಗಳನ್ನು ಉಳಿಸಿದ್ದು ಅಂಥ ಮನೆಗಳ ಬಾಗಿಲು ತಟ್ಟಿಯೇ. ನೀನು ಇದನ್ನೆಲ್ಲ ಬರೆಯುತ್ತೀಯಾದರೆ, ಓದುವವರಿಗೆ ನನ್ನದೊಂದು ಮಾತು ಸೇರಿಸು. ಅಟ್ಟದ ಮೇಲೆ ತುಕ್ಕು ಹಿಡಿದ ತಗಡಿನ ಡಬ್ಬಿಯಲ್ಲಿ ಫಿಲ್ಮ್ ಸುರುಳಿ ಇದ್ದರೆ, ಅದು 16 ಎಂಎಂ ಇರಲಿ 35 ಇರಲಿ, ಹುಳಿ ವಾಸನೆ ಬರುತ್ತಿದ್ದರೂ ಸರಿ, ಬಿಚ್ಚಿ ಎಳೆಯಬೇಡಿ, ಬಿಸಿಲಿಗೆ ಇಡಬೇಡಿ, ತೂಕಕ್ಕೆ ಹಾಕಬೇಡಿ. ಡಬ್ಬಿಯ ಮೇಲೆ ಬರೆದ ಹೆಸರನ್ನು ಗುರುತು ಹಾಕಿಕೊಂಡು, ಪುಣೆಯ ಲಾ ಕಾಲೇಜು ರಸ್ತೆಯ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ಗೆ ಒಂದು ಪತ್ರ ಬರೆಯಿರಿ.